ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ನಡಿಗೆಗೆ ಯಾವ ಚಿಕಿತ್ಸೆ? ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಪಾಲಕರಿಗೊಂದು ಹೋಲಿಕೆ

"ನಮ್ಮ ಕೂಸು ಯಾವಾಗ ಅಡ್ಡಾಡ್ತದ್ರೀ ಸರ್?" ಸಿಂಧನೂರು, ಗಂಗಾವತಿ ಕಡೆಯ ಹಳ್ಳಿಗಳಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಮನೆಗಳಿಗೆ ಫಿಸಿಯೋಥೆರಪಿಗಾಗಿ ಹೋಗುವ ನನಗೆ ತಾಯಂದಿರು ಮೊದಲು ಕೇಳುವ ಪ್ರಶ್ನೆ ಇದು. ಎರಡನೆಯ ಪ್ರಶ್ನೆಯನ್ನು ಅವರು ಕೊಂಚ ಸಂಕೋಚದಿಂದ, ನಾನು ಹೊರಟು ನಿಂತಾಗ ಕೇಳುತ್ತಾರೆ. ಒಬ್ಬರು ಎಣ್ಣೆ ತಿಕ್ಕಿಸಲು ಹೇಳಿದ್ದಾರೆ, ಒಬ್ಬರು ಕಾಲಿಗೆ ಬೂಟು ಹಾಕಿಸಲು ಹೇಳಿದ್ದಾರೆ, ಬೆಂಗಳೂರಿನಲ್ಲಿ ಯಂತ್ರದ ಮೇಲೆ ನಡೆಸುತ್ತಾರೆಂದು ನೆಂಟರು ತಿಳಿಸಿದ್ದಾರೆ, ಆಪರೇಷನ್ ಮಾಡಿಸಿದರೆ ಒಂದೇ ಸಲಕ್ಕೆ ಸರಿಹೋಗುತ್ತದೆಂದು ಮತ್ತಾರೋ ಹೇಳಿದ್ದಾರೆ. ಇರುವ ದುಡ್ಡಿನಲ್ಲಿ, ಕೂಲಿ ಬಿಡಬಹುದಾದ ದಿನಗಳಲ್ಲಿ ಇವುಗಳಲ್ಲಿ ಯಾವುದನ್ನು ಹಿಡಿಯಬೇಕು? ಈ ಬರಹ ಆ ಎರಡನೆಯ ಪ್ರಶ್ನೆಯನ್ನು ಕುರಿತದ್ದು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಮಗು ತಾನು ನಿಜವಾಗಿ ಓಡಾಡಬೇಕಾದ ಜಾಗದಲ್ಲಿ, ತಾನೇ ಪ್ರಯತ್ನಪಟ್ಟು, ಮನೆಯವರು ಆರಿಸಿಕೊಂಡ ಒಂದು ಗುರಿಯತ್ತ ಪ್ರತಿದಿನ ನಡಿಗೆಯನ್ನು ಅಭ್ಯಾಸ ಮಾಡುವಂತೆ ಯಾವ ಏರ್ಪಾಡು ನೋಡಿಕೊಳ್ಳುತ್ತದೆಯೋ ಅದೇ ಮುಖ್ಯ ಚಿಕಿತ್ಸೆ. ಬೂಟು, ಪಟ್ಟಿ, ಇಂಜೆಕ್ಷನ್, ಆಪರೇಷನ್ ಇವೆಲ್ಲ ಆ ಅಭ್ಯಾಸಕ್ಕೆ ದಾರಿ ಮಾಡಿಕೊಡುವ ಮಟ್ಟಿಗೆ ಉಪಯುಕ್ತ. ಮುಂದಿನ ಹೋಲಿಕೆಗಳನ್ನೆಲ್ಲ ನಾನು ಇದೇ ಅಳತೆಗೋಲಿನಿಂದ ಮಾಡಿದ್ದೇನೆ.

ಮೊದಲು ಮಗು ಯಾವ ಹಂತದಲ್ಲಿದೆ ಎಂದು ತಿಳಿಯಬೇಕು

ಸೆರೆಬ್ರಲ್ ಪಾಲ್ಸಿ ಎಂಬುದು ಬೆಳೆಯುತ್ತಿರುವ ಮಿದುಳಿಗೆ ಗರ್ಭದಲ್ಲಿ, ಹೆರಿಗೆಯ ಹೊತ್ತಿನಲ್ಲಿ ಅಥವಾ ಹುಟ್ಟಿದ ಮೊದಲ ವರ್ಷಗಳಲ್ಲಿ ಆದ ಪೆಟ್ಟಿನ ಪರಿಣಾಮ. ಆ ಪೆಟ್ಟು ಮುಂದೆ ಹೆಚ್ಚುವುದಿಲ್ಲ. ಆದರೆ ಮೂಳೆಗಳು ಉದ್ದವಾಗುತ್ತ ಹೋದಂತೆ ಬಿಗಿದ ಸ್ನಾಯುಗಳು ಅಷ್ಟೇ ವೇಗದಲ್ಲಿ ಉದ್ದವಾಗುವುದಿಲ್ಲ. ಹೀಗಾಗಿ 4ನೇ ವಯಸ್ಸಿನಲ್ಲಿ ತುದಿಗಾಲಲ್ಲಿ ನಡೆಯುತ್ತಿದ್ದ ಮಗು 10ನೇ ವಯಸ್ಸಿನ ಹೊತ್ತಿಗೆ ಮೊಣಕಾಲು ಬಗ್ಗಿಸಿಕೊಂಡು ಕುಸಿದಂತೆ ನಡೆಯತೊಡಗಬಹುದು, ಆಗ ರೋಗವೇ ಬಲಿತಿತೆಂದು ಮನೆಯವರು ಗಾಬರಿಪಡುತ್ತಾರೆ. ಬದಲಾಗಿರುವುದು ಮಿದುಳಲ್ಲ, ಸ್ನಾಯು ಮತ್ತು ಕೀಲುಗಳು. ಫಿಸಿಯೋಥೆರಪಿಗೆ ಕೆಲಸವಿರುವುದೂ ಅಲ್ಲಿಯೇ.

1997ರಲ್ಲಿ ರಾಬರ್ಟ್ ಪಲಿಸಾನೊ ಮತ್ತು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಅವರ ಸಂಗಡಿಗರು ಈ ಮಕ್ಕಳ ಓಡಾಟವನ್ನು ಐದು ಹಂತಗಳಾಗಿ ವಿಂಗಡಿಸಿದರು. ಜಿ.ಎಂ.ಎಫ್.ಸಿ.ಎಸ್. ಎಂದು ಕರೆಯುವ ಈ ವಿಂಗಡಣೆಯನ್ನೇ ಇಂದು ಜಗತ್ತಿನೆಲ್ಲೆಡೆ ಬಳಸುತ್ತಾರೆ. ಒಂದನೆಯ ಹಂತದ ಮಗು ಎಲ್ಲಿಯಾದರೂ ನಡೆಯುತ್ತದೆ, ಓಡುತ್ತದೆ, ವೇಗ ಮತ್ತು ಸಮತೋಲನ ಮಾತ್ರ ಕಡಿಮೆ. ಎರಡನೆಯ ಹಂತದ ಮಗು ಯಾರ ಆಸರೆಯೂ ಇಲ್ಲದೆ ನಡೆದರೂ ಮೆಟ್ಟಿಲಿಗೆ ಕಂಬಿ ಬೇಕು, ಏರುತಗ್ಗಿನ ನೆಲ ಮತ್ತು ದೂರದ ದಾರಿ ಕಷ್ಟ. ಮೂರನೆಯ ಹಂತದ ಮಗು ವಾಕರ್ ಅಥವಾ ಊರುಗೋಲು ಹಿಡಿದು ನಡೆಯುತ್ತದೆ, ದೂರಕ್ಕೆ ಗಾಲಿಕುರ್ಚಿ ಬೇಕು. ನಾಲ್ಕನೆಯ ಹಂತದಲ್ಲಿ ಹೆಚ್ಚಿನ ಓಡಾಟ ಗಾಲಿಕುರ್ಚಿಯಲ್ಲೇ, ಆಸರೆ ಕೊಟ್ಟರೆ ನಾಲ್ಕು ಹೆಜ್ಜೆ. ಐದನೆಯ ಹಂತದ ಮಗುವಿಗೆ ತಲೆ ಮತ್ತು ಬೆನ್ನನ್ನು ನೆಟ್ಟಗಿಡುವುದೇ ಕಷ್ಟ.

ಹಂತ ತಿಳಿಯುವುದು ಏಕೆ ಬೇಕೆಂದರೆ, ಒಂದೇ ಚಿಕಿತ್ಸೆ ಎರಡನೆಯ ಹಂತದ ಮಗುವಿಗೆ ಕೊಡುವ ಫಲವನ್ನು ನಾಲ್ಕನೆಯ ಹಂತದ ಮಗುವಿಗೆ ಕೊಡುವುದಿಲ್ಲ. ಪಕ್ಕದ ಕ್ಯಾಂಪಿನ ಹುಡುಗ ಆರು ತಿಂಗಳಲ್ಲಿ ನಡೆದನೆಂದು ಅದೇ ಚಿಕಿತ್ಸೆಯ ಬೆನ್ನು ಹತ್ತಿ ಹೊಲ ಒತ್ತೆಯಿಟ್ಟವರನ್ನು ನಾನು ಕಂಡಿದ್ದೇನೆ. ಆ ಹುಡುಗ ಎರಡನೆಯ ಹಂತದವನು, ಇವರ ಮಗು ನಾಲ್ಕನೆಯ ಹಂತದ್ದು ಎಂಬುದನ್ನು ಇವರಿಗೆ ಯಾರೂ ಹೇಳಿರಲಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತದ 657 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಗು ತಾನು ಮುಟ್ಟಬಹುದಾದ ಚಲನಶಕ್ತಿಯ ಶೇಕಡಾ 90ರಷ್ಟನ್ನು ಸುಮಾರು 5 ವರ್ಷದೊಳಗೆ ಮುಟ್ಟಿರುತ್ತದೆ, ತೀವ್ರ ಹಂತಗಳಲ್ಲಿ ಇನ್ನೂ ಬೇಗ. ಇದನ್ನು ಓದಿ 8 ವರ್ಷದ ಮಗುವಿನ ತಾಯಿ ಕೈಚೆಲ್ಲಬೇಕಾಗಿಲ್ಲ. 5 ವರ್ಷದ ನಂತರವೂ ವೇಗ, ದಮ್ಮು, ದೂರ, ಸಮತೋಲನ ಸುಧಾರಿಸುತ್ತವೆ. ಇದ್ದದ್ದನ್ನು ಕಳೆದುಕೊಳ್ಳದಂತೆ ಕಾಯುವ ಕೆಲಸವಂತೂ ಹದಿಹರೆಯದವರೆಗೂ ಇರುತ್ತದೆ. ಆದರೆ 2 ವರ್ಷದ ಮಗುವಿಗೆ "ಇನ್ನೂ ಸಣ್ಣದು, ತಾನಾಗಿ ನಡೀತದ" ಎಂದು ಕಾಯುವವರು ಇದನ್ನು ಎರಡು ಸಲ ಓದಬೇಕು.

ಮೈ ಮೇಲೆ ಮಾಡುವ ಚಿಕಿತ್ಸೆ, ಮಗು ತಾನೇ ಮಾಡುವ ಅಭ್ಯಾಸ

ಫಿಸಿಯೋಥೆರಪಿ ಎಂದರೆ ನಮ್ಮ ಕಡೆ ಬಹುತೇಕರ ಕಣ್ಣಿಗೆ ಬರುವ ಚಿತ್ರ ಒಂದೇ: ಚಾಪೆಯ ಮೇಲೆ ಮಗು ಅಂಗಾತ ಮಲಗಿರುತ್ತದೆ, ಥೆರಪಿಸ್ಟ್ ಕಾಲುಗಳನ್ನು ಎತ್ತಿ, ಬಗ್ಗಿಸಿ, ಚಾಚಿ, ತಿರುಗಿಸುತ್ತಾರೆ, ಮಗು ಅಳುತ್ತದೆ, ಅರ್ಧ ತಾಸು ಕಳೆಯುತ್ತದೆ. ಈ ರೀತಿಯ ಬರಿ ಚಾಚುವಿಕೆಯಿಂದ ಕೀಲು ಆ ಹೊತ್ತಿಗೆ ಸಡಿಲವಾದೀತು, ಆದರೆ ಅದು ಉಳಿಯುವುದಿಲ್ಲ ಮತ್ತು ಅದರಿಂದ ನಡಿಗೆ ಬರುವುದಿಲ್ಲ ಎಂಬುದು ಈಗ ಸಾಕಷ್ಟು ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಎಣ್ಣೆ ತಿಕ್ಕುವುದರ ಬಗ್ಗೆಯೂ ನನ್ನ ಮಾತು ಇಷ್ಟೇ. ಅಜ್ಜಿಯ ಕೈಯ ಎಣ್ಣೆನೀರಿನಿಂದ ಮಗುವಿಗೆ ಹಿತವಾಗುತ್ತದೆ, ನಿದ್ದೆ ಬರುತ್ತದೆ, ಮುಟ್ಟುವವರ ಪ್ರೀತಿ ತಿಳಿಯುತ್ತದೆ, ಬಿಡಿಸಬೇಕಾಗಿಲ್ಲ. ಅದನ್ನು ಚಿಕಿತ್ಸೆಯೆಂದು ಎಣಿಸಿ ಅಭ್ಯಾಸದ ಹೊತ್ತನ್ನು ಅದಕ್ಕೆ ಕೊಟ್ಟರೆ ನಷ್ಟ.

ಬೊಬಾತ್ ಅಥವಾ ಎನ್.ಡಿ.ಟಿ. ಎಂಬ ಹೆಸರನ್ನು ಪಟ್ಟಣದ ಕ್ಲಿನಿಕ್‌ಗಳ ಫಲಕಗಳಲ್ಲಿ ನೀವು ನೋಡಿರಬಹುದು. ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿಗಳು ಲಂಡನ್ನಿನಲ್ಲಿ 1940ರ ದಶಕದಿಂದ ಬೆಳೆಸಿದ ಈ ಪದ್ಧತಿಯಲ್ಲಿ ಥೆರಪಿಸ್ಟ್ ತಮ್ಮ ಕೈಗಳಿಂದ ಮಗುವಿನ ಚಲನೆಯನ್ನು ತಿದ್ದುತ್ತಾರೆ. ಒಂದು ಕಾಲಕ್ಕೆ ಅದೇ ಶ್ರೇಷ್ಠವೆಂದು ನಮಗೂ ಕಲಿಸಿದ್ದರು, ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಇಂದಿನ ಸಾಕ್ಷ್ಯ ಅದರ ಪರವಾಗಿಲ್ಲ. ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಂಗಡಿಗರು 2013ರಲ್ಲಿಯೂ 2020ರಲ್ಲಿಯೂ ಎಲ್ಲ ಅಧ್ಯಯನಗಳನ್ನು ಒಟ್ಟುಗೂಡಿಸಿ, ರಸ್ತೆಯ ಸಿಗ್ನಲ್ ದೀಪದಂತೆ ಹಸಿರು, ಹಳದಿ, ಕೆಂಪು ಎಂದು ಚಿಕಿತ್ಸೆಗಳನ್ನು ಗುರುತಿಸಿದರು. ಗುರಿಯಿಟ್ಟುಕೊಂಡು ಮಾಡುವ ತರಬೇತಿ, ಬೇಕಾದ ಕೆಲಸವನ್ನೇ ಇಡಿಯಾಗಿ ಮಾಡಿ ಕಲಿಯುವ ತರಬೇತಿ, ನಡಿಗೆಯ ತರಬೇತಿ ಹಸಿರು ದೀಪದ ಕೆಳಗೆ ಬಂದವು. ಮಗು ಸುಮ್ಮನಿದ್ದು ಥೆರಪಿಸ್ಟ್ ಮಾತ್ರ ಕೆಲಸ ಮಾಡುವ ಪದ್ಧತಿಗಳಿಗೆ ಹಸಿರು ಸಿಗಲಿಲ್ಲ.

ಇದರರ್ಥವನ್ನು ನಮ್ಮ ಮನೆಗಳಿಗೆ ಹೊಂದಿಸಿ ಹೇಳುವುದಾದರೆ ಹೀಗೆ. ಹೊಸ್ತಿಲು ದಾಟಲು ಬಾರದ ಮಗುವಿಗೆ ಕಾಲೆತ್ತುವ ವ್ಯಾಯಾಮವನ್ನು ಮಲಗಿಸಿ ಮಾಡಿಸುವುದಕ್ಕಿಂತ ಹೊಸ್ತಿಲನ್ನೇ ದಾಟಿಸಬೇಕು. ಮೊದಲು ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು, ಆಮೇಲೆ ಒಂದು ಕೈಯಿಂದ, ಆಮೇಲೆ ಕೈಯಲ್ಲಿ ತಟ್ಟೆ ಹಿಡಿದು. ನೆಲದಿಂದ ಏಳಲಾಗದ ಮಗುವನ್ನು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ ಏಳಿಸಬೇಕು, ವಾರ ಕಳೆದಂತೆ ಸ್ಟೂಲಿನ ಎತ್ತರ ಇಳಿಸಬೇಕು. ಮನೆಯ ಮುಂದಿನ ಕಟ್ಟೆಯನ್ನು ಹಿಡಿದು ಅಡ್ಡಡ್ಡ ಹೆಜ್ಜೆಯಿಡುವುದು, ಕಟ್ಟೆಯ ಆ ತುದಿಯಲ್ಲಿ ಅಣ್ಣನೋ ಅಕ್ಕನೋ ನಿಂತು ಕರೆಯುವುದು, ದನದ ಕೊಟ್ಟಿಗೆಯವರೆಗೆ ಹೋಗಿ ಕರುವಿಗೆ ಒಂದು ಹಿಡಿ ಹುಲ್ಲು ಹಾಕಿ ಬರುವುದು, ಇವೆಲ್ಲ ಚಿಕಿತ್ಸೆಯೇ. ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ 15ರಿಂದ 20 ನಿಮಿಷ ಇಂಥ ಅಭ್ಯಾಸ ನಡೆದರೆ ವಾರಕ್ಕೊಮ್ಮೆ ಅರ್ಧ ತಾಸು ಕ್ಲಿನಿಕ್ಕಿಗೆ ಹೋಗಿ ಬರುವುದಕ್ಕಿಂತ ಹಲವು ಪಟ್ಟು ಹೆಚ್ಚಾಗುತ್ತದೆ. ಬೇಸಿಗೆಯಲ್ಲಿ ಇದನ್ನು ಬೆಳಗ್ಗೆ 8ರ ಒಳಗೆ ಮತ್ತು ಹೊತ್ತು ಮುಳುಗಿದ ಮೇಲೆ ಇಟ್ಟುಕೊಳ್ಳಿ. ಈ ಮಕ್ಕಳಿಗೆ ನಡೆಯಲು ಉಳಿದ ಮಕ್ಕಳಿಗಿಂತ ಬಹಳ ಹೆಚ್ಚು ಶಕ್ತಿ ಖರ್ಚಾಗುತ್ತದೆ, ರಾಯಚೂರಿನ ಬಿಸಿಲು ಅದರ ಮೇಲೆ ಬಿದ್ದರೆ ಮಗು ಬೇಗ ಸೋಲುತ್ತದೆ. ಇದೇ ಕಾರಣಕ್ಕೆ ಊಟವೂ ಮುಖ್ಯ. ತೂಕ ತೀರ ಕಡಿಮೆಯಿರುವ ಮಗುವಿಗೆ ನಡಿಗೆಯ ಅಭ್ಯಾಸ ಹೆಚ್ಚಿಸುವ ಮೊದಲು ಮೊಟ್ಟೆ, ಶೇಂಗಾ, ಹಾಲು, ಬೇಳೆ ಹೆಚ್ಚಿಸಬೇಕು.

ಶಕ್ತಿ ಬೆಳೆಸುವ ವ್ಯಾಯಾಮ, ಅಂದರೆ ಕಾಲಿಗೆ ಮರಳಿನ ಚೀಲ ಕಟ್ಟಿ ಎತ್ತಿಸುವಂಥದ್ದು, ಇವೆರಡರ ನಡುವೆ ನಿಲ್ಲುತ್ತದೆ. ನೆದರ್ಲೆಂಡ್ಸ್‌ನಲ್ಲಿ 12 ವಾರ, ವಾರಕ್ಕೆ 3 ಸಲ ಇಂಥ ತರಬೇತಿ ಕೊಟ್ಟು ನೋಡಿ 2012ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ ಸ್ನಾಯುಗಳ ಬಲ ಹೆಚ್ಚಿತು, ನಡಿಗೆ ಮಾತ್ರ ಅದರಿಂದ ಸುಧಾರಿಸಲಿಲ್ಲ. ಹಾಗಾಗಿ ಬಲ ಬೇಕೇ ಬೇಕು, ಆದರೆ ಬಲ ಬಂದರೆ ನಡಿಗೆ ತಾನಾಗಿ ಬರುತ್ತದೆ ಎಂದು ನಂಬಿ ನಡೆಸುವುದನ್ನು ಮುಂದೂಡಬಾರದು.

ಯಂತ್ರದ ಮೇಲೋ, ನೆಲದ ಮೇಲೋ

ಬೆಂಗಳೂರು, ಹೈದರಾಬಾದ್‌ಗಳ ದೊಡ್ಡ ಕೇಂದ್ರಗಳಲ್ಲಿ ಮಗುವನ್ನು ಬೆಲ್ಟಿನಿಂದ ಮೇಲಕ್ಕೆ ತೂಗಿ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ, ಕೆಲವೆಡೆ ರೋಬೋಟ್ ಕಾಲುಗಳೇ ಮಗುವಿನ ಕಾಲುಗಳನ್ನು ಎತ್ತಿಡುತ್ತವೆ. ವಿಡಿಯೋದಲ್ಲಿ ನೋಡಿದ ತಂದೆತಾಯಿಗೆ ಮನಸ್ಸು ಅತ್ತ ಎಳೆಯುವುದು ಸಹಜ. ಟ್ರೆಡ್‌ಮಿಲ್ ಅಭ್ಯಾಸದಿಂದ ನಡಿಗೆಯ ವೇಗ ಹೆಚ್ಚುತ್ತದೆ ಎನ್ನಲು ಸಾಕ್ಷ್ಯವೂ ಇದೆ. ಪ್ರಶ್ನೆ ಇರುವುದು, ಅದು ನೆಲದ ಮೇಲಿನ ಅಭ್ಯಾಸಕ್ಕಿಂತ ಮೇಲೋ ಎಂಬುದರಲ್ಲಿ. ಆಸ್ಟ್ರೇಲಿಯಾದಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳನ್ನು ಎರಡು ಗುಂಪು ಮಾಡಿ, 9 ವಾರ, ವಾರಕ್ಕೆ 2 ಸಲ, ಒಂದು ಗುಂಪನ್ನು ತೂಗುಬೆಲ್ಟಿನ ಟ್ರೆಡ್‌ಮಿಲ್ ಮೇಲೂ ಇನ್ನೊಂದನ್ನು ಬರಿ ನೆಲದ ಮೇಲೂ ನಡೆಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಯಂತ್ರದ ಗುಂಪು ಯಾವುದರಲ್ಲಿಯೂ ಮುಂದೆ ಹೋಗಿರಲಿಲ್ಲ. ಅವು ಹೆಚ್ಚಾಗಿ ಮೂರು ಮತ್ತು ನಾಲ್ಕನೆಯ ಹಂತದ ಮಕ್ಕಳು ಎಂಬುದನ್ನೂ ಗಮನಿಸಿ; ಯಂತ್ರ ಬೇಕೇ ಬೇಕೆಂದು ಹೆಚ್ಚಾಗಿ ಹೇಳುವುದು ಇಂಥ ಮಕ್ಕಳಿಗೇ.

ನೆಲದ ಪರವಾಗಿ ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ಟ್ರೆಡ್‌ಮಿಲ್ ನೆಲ ಸಮತಟ್ಟು, ತಿರುವಿಲ್ಲ, ಎದುರಿಗೆ ಆಡು ಬರುವುದಿಲ್ಲ. ನಮ್ಮ ಮಗು ನಡೆಯಬೇಕಾದದ್ದು ಬಂಡೆಗಲ್ಲು ಹಾಸಿದ ಪಡಸಾಲೆ, ಚರಂಡಿ ದಾಟುವ ಕಲ್ಲು, ಮಸಾರಿ ಮಣ್ಣಿನ ಅಂಗಳ, ಮಳೆ ಬಂದರೆ ಹೆಜ್ಜೆಗೆ ಸೇರು ಮಣ್ಣು ಹತ್ತುವ ಎರೆಹೊಲದ ದಾರಿ. ಅಲ್ಲಿ ನಡೆಯುವುದನ್ನು ಅಲ್ಲಿಯೇ ಕಲಿಯಬೇಕು. ನಿಮ್ಮ ಪಟ್ಟಣದ ಕೇಂದ್ರದಲ್ಲಿ ಟ್ರೆಡ್‌ಮಿಲ್ ಇದ್ದು ಕಡಿಮೆ ಖರ್ಚಿನಲ್ಲಿ ಸಿಕ್ಕರೆ, ಒಂದು ಅಥವಾ ಎರಡನೆಯ ಹಂತದ ಮಗುವಿನ ವೇಗ ಹೆಚ್ಚಿಸಲು ಖಂಡಿತ ಬಳಸಿ. ಅದಕ್ಕಾಗಿಯೇ ಊರು ಬಿಟ್ಟು ಹೋಗಿ ಬಾಡಿಗೆ ಮನೆ ಹಿಡಿಯುವುದು ಬೇಡ.

ಬೂಟು ಮತ್ತು ವಾಕರ್

ಇಲ್ಲಿ ತಪ್ಪು ಆಯ್ಕೆಯಿಂದ ಆಗುವ ಕೇಡು ಹೆಚ್ಚು, ಆದ್ದರಿಂದ ತುಸು ನಿಧಾನವಾಗಿ ಹೇಳುತ್ತೇನೆ.

ಸಂತೆಯಲ್ಲಿ, ಆಟಿಕೆ ಅಂಗಡಿಯಲ್ಲಿ ಸಿಗುವ, ನಡುವೆ ಬಟ್ಟೆಯ ಆಸನವಿರುವ ದುಂಡನೆಯ ಪ್ಲಾಸ್ಟಿಕ್ ವಾಕರನ್ನು ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ತರಬೇಡಿ. ಅದರಲ್ಲಿ ಮಗು ಕುಳಿತೇ ಇರುತ್ತದೆ, ತುದಿಗಾಲಿನಿಂದ ನೆಲ ಒದ್ದು ಮುಂದೆ ಹೋಗುತ್ತದೆ, ಯಾವ ಬಿಗಿತವನ್ನು ಬಿಡಿಸಬೇಕೋ ಅದೇ ಗಟ್ಟಿಯಾಗುತ್ತದೆ. ಉರುಳಿ ಬೀಳುವ ಅಪಾಯಕ್ಕಾಗಿಯೇ ಕೆನಡಾ ದೇಶ 2004ರಲ್ಲಿ ಇಂಥ ವಾಕರುಗಳ ಮಾರಾಟವನ್ನು ನಿಷೇಧಿಸಿತು. ನಮ್ಮ ಹಳೆಯ ಮೂರು ಗಾಲಿಯ ಮರದ ತಳ್ಳುಬಂಡಿ ಇದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಅದನ್ನು ಹಿಡಿದ ಮಗು ನಿಂತಿರುತ್ತದೆ, ತೂಕ ಅಂಗಾಲಿನ ಮೇಲೆ ಬೀಳುತ್ತದೆ. ಅದು ಮುಂದೆ ಜಾರದಂತೆ ಒಂದೆರಡು ಇಟ್ಟಿಗೆಯ ಭಾರ ಇಟ್ಟು ಕೊಟ್ಟರೆ ಎರಡು ಮೂರು ವರ್ಷದ ಮಗುವಿಗೆ ಒಳ್ಳೆಯ ಆರಂಭ.

ನಿಜವಾದ ವಾಕರುಗಳಲ್ಲಿ ಎರಡು ಬಗೆ: ಮುಂದಿಟ್ಟು ತಳ್ಳುವುದು, ಬೆನ್ನ ಹಿಂದಿಟ್ಟು ಎಳೆದುಕೊಂಡು ಹೋಗುವುದು. ಮುಂದಿನ ವಾಕರ್ ಹಿಡಿದ ಮಗು ಅದರ ಮೇಲೆ ಬಾಗುತ್ತದೆ, ಸೊಂಟ ಮತ್ತು ಮೊಣಕಾಲು ಮಡಚಿಕೊಳ್ಳುತ್ತವೆ. ಹಿಂದಿನ ವಾಕರ್ ಮಗುವನ್ನು ನೆಟ್ಟಗೆ ನಿಲ್ಲಿಸುತ್ತದೆ, ಮುಂದೆ ಅಡ್ಡವಿಲ್ಲದ್ದರಿಂದ ಮೇಜಿನ ಹತ್ತಿರ, ಗೆಳೆಯರ ಹತ್ತಿರ ಹೋಗಿ ನಿಲ್ಲಬಹುದು. ಮೂರನೆಯ ಹಂತದ ಹೆಚ್ಚಿನ ಮಕ್ಕಳಿಗೆ ನನ್ನ ಆಯ್ಕೆ ಹಿಂದಿನದೇ. ಆದರೆ ಗಾಲಿಯ ಗಾತ್ರ ನೋಡಿ ಕೊಳ್ಳಿ. ಒಂದು ಹುಡುಗಿಗೆ ಬಹಳ ಪ್ರಯಾಸಪಟ್ಟು ತರಿಸಿದ ಹಿಂದಿನ ವಾಕರಿನ ಸಣ್ಣ ಗಾಲಿಗಳು ಮೊದಲ ಮಳೆಗೇ ಎರೆಮಣ್ಣಿನಲ್ಲಿ ಹೂತವು. ಅಂಗನವಾಡಿಗೆ ನಡೆದು ಹೋಗಬೇಕೆಂಬುದು ಅವಳ ಗುರಿ, ವಾಕರ್ ಮನೆಯೊಳಗಿನ ಬಂಡೆಯ ಮೇಲಷ್ಟೇ ಓಡುತ್ತಿತ್ತು. ಊರಿನ ವೆಲ್ಡಿಂಗ್ ಅಂಗಡಿಯವರು ದೊಡ್ಡ ಗಾಲಿ ಹಾಕಿಕೊಟ್ಟ ಮೇಲೆ ಅವಳ ದಾರಿ ತೆರೆಯಿತು. ಆ ಗಾಲಿಯನ್ನು ಮೊದಲೇ ಯೋಚಿಸದಿದ್ದದ್ದು ನನ್ನ ತಪ್ಪು.

ಜನ ಬೂಟು ಅಥವಾ ಕ್ಯಾಲಿಪರ್ ಎಂದು ಕರೆಯುವ, ಪಾದದಿಂದ ಮೀನಖಂಡದವರೆಗೆ ಬರುವ ಪ್ಲಾಸ್ಟಿಕ್ ಎ.ಎಫ್.ಓ.ದಲ್ಲಿಯೂ ಬಗೆಗಳಿವೆ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಡೆದರೂ ಮೊಣಕಾಲು ನೆಟ್ಟಗಿರುವ ಮಗುವಿಗೆ, ಕೈಯಿಂದ ಒತ್ತಿದಾಗ ಪಾದ ಮೇಲಕ್ಕೆ ಬರುವಂತಿದ್ದರೆ, ಹರಡಿನ ಬಳಿ ಕೀಲಿರುವ ಎ.ಎಫ್.ಓ. ಹೊಂದುತ್ತದೆ, ಅದರಲ್ಲಿ ಕುಕ್ಕರಗಾಲಲ್ಲಿ ಕೂರಲು, ಮೆಟ್ಟಿಲು ಹತ್ತಲು ಸುಲಭ. ಮೊಣಕಾಲು ಬಗ್ಗಿಸಿ ಕುಸಿದು ನಡೆಯುವ ಮಗುವಿಗೆ ಅದೇ ಕೀಲಿನ ಎ.ಎಫ್.ಓ. ಹಾಕಿದರೆ ಕುಸಿತ ಹೆಚ್ಚುತ್ತದೆ; ಅಂಥ ಮಗುವಿಗೆ ಗಟ್ಟಿಯಾದ, ಮುಂದೆ ಮೊಣಕಾಲಿನ ಕೆಳಗೆ ತಡೆಯಿರುವ ಬಗೆ ಬೇಕು. ಅಳತೆಯನ್ನು ಪ್ಲಾಸ್ಟರ್ ಅಚ್ಚು ತೆಗೆದೇ ಮಾಡಬೇಕು. ಕಳಚಿದ ಮೇಲೆ ಚರ್ಮದ ಕೆಂಪು ಅರ್ಧ ತಾಸಿನೊಳಗೆ ಮಾಯವಾಗದಿದ್ದರೆ ಬೂಟು ಒತ್ತುತ್ತಿದೆ ಎಂದು ತಿಳಿದು ಮಾಡಿದವರ ಬಳಿಗೆ ಮರಳಿ ಒಯ್ಯಿರಿ. ನಮ್ಮ ಬಿಸಿಲಿನಲ್ಲಿ ಬೆವರಿಗೆ ಹುಣ್ಣಾಗುತ್ತದೆ, ಮಕ್ಕಳು ಕಿತ್ತೆಸೆಯುತ್ತಾರೆ. ಒಳಗೆ ಹತ್ತಿಯ ಉದ್ದ ಕಾಲುಚೀಲ, ದಿನಕ್ಕೆ ಎರಡು ಜೊತೆ ಬದಲಾಯಿಸುವುದು, ಮಧ್ಯಾಹ್ನ ಬಿಚ್ಚಿ ಗಾಳಿಗೆ ಬಿಡುವುದು ಇವೆಲ್ಲ ಸಣ್ಣ ಸಂಗತಿಗಳಾದರೂ ಬೂಟು ಕಾಲಲ್ಲಿರುವುದೋ ಅಟ್ಟದ ಮೇಲಿರುವುದೋ ಎಂಬುದನ್ನು ಅವೇ ನಿರ್ಧರಿಸುತ್ತವೆ. ಮಗು ಬೆಳೆದಂತೆ ವರ್ಷದೊಳಗೆ ಬೂಟು ಚಿಕ್ಕದಾಗುತ್ತದೆ, ಹಳೆಯದನ್ನೇ ತುರುಕಬೇಡಿ.

ಪಟ್ಟಿ, ಇಂಜೆಕ್ಷನ್, ಆಪರೇಷನ್

ಹಿಮ್ಮಡಿ ನೆಲಕ್ಕೆ ತಾಗದಷ್ಟು ಮೀನಖಂಡ ಬಿಗಿದಿದ್ದರೆ ಬರಿ ಅಭ್ಯಾಸ ಸಾಲದು. ಆಗ ಮೊದಲ ಆಯ್ಕೆ, ವಾರ ಎರಡು ವಾರಕ್ಕೊಮ್ಮೆ ಬದಲಿಸುತ್ತ ಕೆಲವು ಸಲ ಪ್ಲಾಸ್ಟರ್ ಪಟ್ಟಿ ಹಾಕಿ ಪಾದವನ್ನು ಹಂತಹಂತವಾಗಿ ಮೇಲಕ್ಕೆ ತರುವುದು. ಅಗ್ಗ, ಜಿಲ್ಲಾ ಮಟ್ಟದಲ್ಲಿಯೇ ಆಗುವ ಕೆಲಸ. ಬೊಟುಲಿನಮ್ ಇಂಜೆಕ್ಷನ್, ಅಂದರೆ ಜನ ಬೊಟಾಕ್ಸ್ ಎನ್ನುವುದು, ಬಿಗಿತವನ್ನು ಸುಮಾರು ಮೂರು ನಾಲ್ಕು ತಿಂಗಳು ಸಡಿಲಿಸುತ್ತದೆ, ಖರ್ಚು ಹೆಚ್ಚು. ಆ ಮೂರು ತಿಂಗಳು ದಿನವೂ ನಡಿಗೆಯ ಅಭ್ಯಾಸ, ಬೂಟಿನ ಬಳಕೆ ಇಲ್ಲದಿದ್ದರೆ ಇಂಜೆಕ್ಷನ್ನಿನ ದುಡ್ಡು ನೀರಿಗೆ ಹಾಕಿದಂತೆ. ಭತ್ತದ ನಾಟಿಯ ಹೊತ್ತಿನಲ್ಲಿ, ಮನೆಯಲ್ಲಿ ಯಾರೂ ಇರದ ದಿನಗಳಲ್ಲಿ ಇಂಜೆಕ್ಷನ್ ಕೊಡಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಆಪರೇಷನ್ ಬಗ್ಗೆ ಒಂದು ಎಚ್ಚರಿಕೆ. ಎರಡೂ ಕಾಲು ಬಿಗಿದಿರುವ ಸಣ್ಣ ಮಗುವಿಗೆ ಹಿಮ್ಮಡಿಯ ನರವೆಂದು ಜನ ಕರೆಯುವ ಸ್ನಾಯುರಜ್ಜುವನ್ನು ಮಾತ್ರ ಕತ್ತರಿಸಿ ಉದ್ದ ಮಾಡಿದರೆ, ಕೆಲವು ವರ್ಷಗಳಲ್ಲಿ ಮೀನಖಂಡ ಬಲಗುಂದಿ ಮಗು ಮೊಣಕಾಲು ಮಡಚಿ ಕುಸಿದು ನಡೆಯತೊಡಗಬಹುದು, ಅದನ್ನು ಸರಿಪಡಿಸುವುದು ಮೊದಲಿನ ತುದಿಗಾಲಿಗಿಂತ ಕಷ್ಟ. ದೂರದ ಊರೊಂದರಲ್ಲಿ 4ನೇ ವಯಸ್ಸಿಗೆ ಹೀಗೆ ಮಾಡಿಸಿಕೊಂಡು ಬಂದ ಹುಡುಗನೊಬ್ಬ 11ನೇ ವಯಸ್ಸಿಗೆ ಶಾಲೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟದ್ದನ್ನು ನಾನು ನೋಡಿದ್ದೇನೆ. ಸೊಂಟ, ಮೊಣಕಾಲು, ಪಾದ ಎಲ್ಲವನ್ನೂ ಅಳೆದು ನೋಡಿ, ನಡಿಗೆ ಒಂದು ರೂಪಕ್ಕೆ ಬಂದ ಮೇಲೆ, ಸಾಮಾನ್ಯವಾಗಿ 6ರಿಂದ 12 ವರ್ಷದ ನಡುವೆ, ಬೇಕಾದದ್ದನ್ನೆಲ್ಲ ಒಂದೇ ಸಲಕ್ಕೆ ಮಾಡುವುದನ್ನು ಇಂದು ಹೆಚ್ಚಿನ ತಜ್ಞರು ಒಪ್ಪುತ್ತಾರೆ. ಇಂಥ ತೀರ್ಮಾನಕ್ಕೆ ಬೆಂಗಳೂರಿಗೆ ಹೋಗುವುದು ಸಾರ್ಥಕ. ಆಪರೇಷನ್ ಆದ ಮೇಲೆ ಒಂದು ವರ್ಷ ಫಿಸಿಯೋಥೆರಪಿ ಎಲ್ಲಿ, ಯಾರು ಮಾಡಿಸುತ್ತಾರೆ ಎಂದು ಕೇಳದೆ ದಿನಾಂಕ ಪಡೆಯಬೇಡಿ.

ನಡಿಗೆಗೆ ನೇರ ಸಂಬಂಧವಿಲ್ಲದಂತೆ ಕಂಡರೂ ಬಿಡಲೇಬಾರದ ಒಂದು ಪರೀಕ್ಷೆ ಸೊಂಟದ ಎಕ್ಸ್‌ರೇ. ಬಿಗಿತ ತೊಡೆಮೂಳೆಯನ್ನು ನಿಧಾನವಾಗಿ ಗುಳಿಯಿಂದ ಹೊರಗೆಳೆಯುತ್ತದೆ, ಮೊದಲು ನೋವೂ ಇರುವುದಿಲ್ಲ. 2006ರ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಒಟ್ಟು ಮಕ್ಕಳಲ್ಲಿ ಶೇಕಡಾ 35ರಷ್ಟು ಮಂದಿಗೆ, ಐದನೆಯ ಹಂತದವರಲ್ಲಿ ಶೇಕಡಾ 90ರಷ್ಟು ಮಂದಿಗೆ ಸೊಂಟ ಸರಿದಿತ್ತು. ಒಂದನೆಯ ಹಂತದವರಲ್ಲಿ ಯಾರಿಗೂ ಇರಲಿಲ್ಲ. 2 ವರ್ಷದೊಳಗೆ ಒಂದು ಎಕ್ಸ್‌ರೇ, ಮೂರು ನಾಲ್ಕು ಐದನೆಯ ಹಂತದವರಿಗೆ ಮುಂದೆ 6ರಿಂದ 12 ತಿಂಗಳಿಗೊಮ್ಮೆ. ಜಿಲ್ಲಾ ಆಸ್ಪತ್ರೆಯಲ್ಲಿಯೇ ಆಗುತ್ತದೆ.

ಬೇಡವೆಂದು ಹೇಳಬೇಕಾದವು

ಒತ್ತಡದ ಕೋಣೆಯಲ್ಲಿ ಆಮ್ಲಜನಕ ಕೊಡುವ ಚಿಕಿತ್ಸೆಯನ್ನು ಕೆನಡಾದ ಕ್ವಿಬೆಕ್‌ನಲ್ಲಿ 111 ಮಕ್ಕಳ ಮೇಲೆ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಆಮ್ಲಜನಕ ಪಡೆದ ಮಕ್ಕಳಿಗೂ ಕೊಂಚ ಒತ್ತಡದ ಸಾದಾ ಗಾಳಿ ಪಡೆದ ಮಕ್ಕಳಿಗೂ ವ್ಯತ್ಯಾಸವಿರಲಿಲ್ಲ. ಸೆರೆಬ್ರಲ್ ಪಾಲ್ಸಿಗೆ ದುಡ್ಡು ಪಡೆದು ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆ ಕೊಡುವುದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಒಪ್ಪಿಗೆಯಿಲ್ಲ. ಬಿಗಿ ರಬ್ಬರ್ ಪಟ್ಟಿಗಳ ಸೂಟು ತೊಡಿಸಿ ಮಾಡುವ ದುಬಾರಿ ತರಬೇತಿಯಲ್ಲಿ ಫಲ ಕೊಡುವುದು ದಿನಕ್ಕೆ ಹಲವು ತಾಸಿನ ಅಭ್ಯಾಸವೇ ಹೊರತು ಸೂಟಲ್ಲ.

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಬಳಿಯ ತಾಜ್‌ಸುಲ್ತಾನ್‌ಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಸುದ್ದಿಯನ್ನು ಎಲ್ಲರೂ ಓದಿದ್ದಾರೆ. ಆ ತಂದೆತಾಯಿಗಳ ಮೇಲೆ ನನಗೆ ಸಿಟ್ಟಿಲ್ಲ. ನಡೆಯಲಿ ಎಂಬ ಆಸೆಗೆ ಬೇರೆ ದಾರಿಯನ್ನು ಯಾರೂ ತೋರಿಸದಿದ್ದಾಗ ಜನ ಹಾಗೆ ಮಾಡುತ್ತಾರೆ. ಆದರೆ ಮಣ್ಣಿನ ಒತ್ತಡದಲ್ಲಿ ಉಸಿರಾಡಲು ಕಷ್ಟವಾಗುತ್ತದೆ, ಫಿಟ್ಸ್ ಇರುವ ಮಗುವಿನ ಜೀವಕ್ಕೇ ಅಪಾಯ. ಮುಂದಿನ ಗ್ರಹಣಕ್ಕೆ ಊರಿನಲ್ಲಿ ಯಾರಾದರೂ ಈ ಮಾತೆತ್ತಿದರೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಎಲ್ಲಿ ಮಾಡಿಸುವುದು

ಮನೆಯ ಅಭ್ಯಾಸ ಬುನಾದಿ, ಅದನ್ನು ತಿದ್ದಲು ಯಾರಾದರೊಬ್ಬ ತರಬೇತಾದವರು ಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 2013ರಿಂದ ವೈದ್ಯರ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಿ, ಸಮಸ್ಯೆ ಕಂಡವರನ್ನು ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. 6 ವರ್ಷದೊಳಗಿನ ಮಗುವಿಗೆ ನನ್ನ ಮೊದಲ ಆಯ್ಕೆ ಅದೇ, ಏಕೆಂದರೆ ಮಕ್ಕಳ ವೈದ್ಯರು, ಫಿಸಿಯೋಥೆರಪಿ, ಮಾತಿನ ಚಿಕಿತ್ಸೆ ಒಂದೇ ಸೂರಿನಡಿ ಸಿಗುವುದಕ್ಕೆಂದೇ ಅದನ್ನು ಮಾಡಿರುವುದು. ಶಾಲೆಯ ವಯಸ್ಸಿನವರಿಗೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣದ ಶಿಕ್ಷಕರನ್ನು, ಅಂದರೆ ಬಿ.ಐ.ಇ.ಆರ್.ಟಿ.ಯವರನ್ನು ಕಾಣಿ. ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ ಮಾಡಿಸಲು ನೆರವಾಗುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಒಂದು. ವಾಕರ್, ಬೂಟು, ಗಾಲಿಕುರ್ಚಿಗೆ ಸರ್ಕಾರದ ನೆರವು ಸಿಗುವುದು ಆ ಕಾರ್ಡಿನಿಂದ. ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದ್ದು, ಒಳಮಿತಿಯೊಂದಿಗೆ ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ.

ಖಾಸಗಿ ಕ್ಲಿನಿಕ್‌ಗೆ ಹೋಗುವುದಾದರೆ ಮೊದಲ ದಿನವೇ ಮೂರು ಸಂಗತಿ ಗಮನಿಸಿ: ನಮ್ಮ ಗುರಿ ಏನೆಂದು ಅವರು ಕೇಳಿದರೇ, ತಾಯಿಯನ್ನು ಒಳಗೆ ಕೂರಿಸಿಕೊಂಡು ಕಲಿಸಿದರೇ, ಮಗು ಎದ್ದು ನಿಂತು ಕೆಲಸ ಮಾಡಿತೇ. ಮೂರಕ್ಕೂ ಇಲ್ಲವೆಂದಾದರೆ ಬೇರೆ ಕಡೆ ನೋಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲದ್ದರಿಂದ ತಾಯಿಯೇ ಮಗುವನ್ನು ವಾರಕ್ಕೊಮ್ಮೆ ತಾಲ್ಲೂಕಿಗೆ ಕರೆತರುವುದು ಮೊದಲಿಗಿಂತ ಸಲೀಸಾಗಿದೆ. ಬೆಂಗಳೂರಿಗೆ ಹೋಗಲೇಬೇಕಾದಾಗ ವರ್ಷಕ್ಕೆ ಒಂದೋ ಎರಡೋ ಸಲ, ಬೇರೆಲ್ಲಿಯೂ ಸಿಗದ ತೀರ್ಮಾನಕ್ಕಾಗಿ ಹೋಗಿ. ಕೊಪ್ಪಳ, ಹೊಸಪೇಟೆ, ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್ ಇದೆ, ಒಬ್ಬರೇ ಪ್ರಯಾಣಿಸಲಾಗದ ವಿಕಲಚೇತನರಿಗೂ ಜೊತೆಗಿರುವ ಒಬ್ಬರಿಗೂ ಸ್ಲೀಪರ್ ದರದಲ್ಲಿ ಶೇಕಡಾ 75 ರಿಯಾಯಿತಿ ಸಿಗುತ್ತದೆ.

ಫಲ ಸಿಗುತ್ತಿದೆಯೇ ಎಂದು ನೋಡುವ ಬಗೆ

ಯಾವ ಚಿಕಿತ್ಸೆಯನ್ನೇ ಆರಿಸಿ, ಆರಂಭಿಸುವ ದಿನ ಅಂಗಳದಲ್ಲಿ 10 ಮೀಟರ್ ಅಳೆದು ಎರಡೂ ತುದಿಗೆ ಸುಣ್ಣದ ಗೆರೆ ಎಳೆಯಿರಿ. ಮಗು ಆ ದೂರವನ್ನು ಎಷ್ಟು ಸೆಕೆಂಡಿನಲ್ಲಿ, ಯಾವ ಆಸರೆಯಿಂದ, ಎಷ್ಟು ಸಲ ಬಿದ್ದು ದಾಟಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಪಕ್ಕದಿಂದ ಫೋನಿನಲ್ಲಿ ವಿಡಿಯೋ ತೆಗೆಯಿರಿ. ಜೊತೆಗೆ ಒಂದು ಗುರಿಯನ್ನು ಮನೆಯ ಮಾತಿನಲ್ಲೇ ಬರೆಯಿರಿ: ಬಚ್ಚಲಿಗೆ ತಾನೇ ಹೋಗುವುದು, ತರಗತಿಯ ಬಾಗಿಲಿನಿಂದ ತನ್ನ ಜಾಗದವರೆಗೆ ಹೋಗುವುದು. 8 ವಾರಕ್ಕೊಮ್ಮೆ ಮತ್ತೆ ಅಳೆಯಿರಿ. ಎರಡು ಸಲ ಅಳೆದರೂ ಏನೂ ಬದಲಾಗದಿದ್ದರೆ ಥೆರಪಿಸ್ಟರ ಮುಂದೆ ನೋಟ್‌ಬುಕ್ ಇಟ್ಟು ಗುರಿಯನ್ನೋ ವಿಧಾನವನ್ನೋ ಬದಲಿಸಲು ಕೇಳಿ. ನಾಲ್ಕು ಮತ್ತು ಐದನೆಯ ಹಂತದ ಮಕ್ಕಳಿಗೆ ಗುರಿ ಬೇರೆಯಿರುತ್ತದೆ: ಆಸರೆಯಿಂದ ನಿಂತು ಮಂಚದಿಂದ ಕುರ್ಚಿಗೆ ಬರುವುದು, ಗಾಲಿಕುರ್ಚಿಯನ್ನು ತಾನೇ ತಳ್ಳುವುದು. ಮಗು ಗಾಲಿಕುರ್ಚಿಯಲ್ಲಿ ಶಾಲೆಗೆ ಹೋದರೆ ನಡಿಗೆ ಮರೆಯುತ್ತದೆಂಬ ಭಯ ಬೇಡ; ದಾರಿಯಲ್ಲಿ ಉಳಿಸಿದ ಶಕ್ತಿಯಿಂದ ಅದು ತರಗತಿಯೊಳಗೆ ನಡೆಯುತ್ತದೆ, ಆಡುತ್ತದೆ, ಪಾಠ ಕೇಳುತ್ತದೆ.

ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವ ಮನೆಗಳಲ್ಲಿ ಚಿಕಿತ್ಸೆ ಕಡಿಯುವುದು ಆ ನಾಲ್ಕೈದು ತಿಂಗಳಲ್ಲಿ. ಹೊರಡುವ ಎರಡು ವಾರ ಮೊದಲು ನಿಮ್ಮ ಥೆರಪಿಸ್ಟರನ್ನು ಕಂಡು, ಕಟ್ಟಡ ಕೆಲಸದ ಶೆಡ್ಡಿನಲ್ಲಿಯೂ ಮಾಡಿಸಬಹುದಾದ ಮೂರು ಅಭ್ಯಾಸಗಳನ್ನು ವಿಡಿಯೋ ಮಾಡಿಸಿಕೊಳ್ಳಿ, ಬೂಟು ಸರಿಯಾಗಿ ಕೂರುತ್ತದೆಯೇ ನೋಡಿಸಿಕೊಳ್ಳಿ. ಯುಡಿಐಡಿ ಕಾರ್ಡ್, ಕೊನೆಯ ಎಕ್ಸ್‌ರೇ, ಫಿಟ್ಸ್ ಮಾತ್ರೆಯ ಚೀಟಿ, ಆ ನೋಟ್‌ಬುಕ್ ಇವನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಗುವಿನ ಬಟ್ಟೆಯ ಗಂಟಿನಲ್ಲಿಡಿ. ವಾಕರನ್ನು ಲಾರಿಯಲ್ಲಿ ಜಾಗವಿಲ್ಲವೆಂದು ಬಿಟ್ಟು ಹೋಗಬೇಡಿ.